ಗಿರಣಿ ಎಳೆಯಲು ಗಿಡ್ಡ ಗಾಡಿಯೋ, ಉದ್ದ ಗಾಡಿಯೋ

ನಮ್ಮ ಚಿಕ್ಕಪ್ಪ ಒಂದು ಕಿಲೋ ಟೊಮ್ಯಾಟೊ ಆರಿಸಿ ಮುಗಿಸುವಷ್ಟರಲ್ಲಿ ಆ ಬೀದಿಯ ಉಳಿದ ಮನೆಗಳಲ್ಲಿ ಸಾರು ಕುದ್ದು, ಊಟವಾಗಿ, ಪಾತ್ರೆಯೂ ತೊಳೆದಾಗಿರುತ್ತದೆ. ಇದು ಉತ್ಪ್ರೇಕ್ಷೆ ಎನ್ನುವವರು ಅವರ ಜೊತೆ ಒಮ್ಮೆ ಚಪ್ಪಲಿ ಕೊಳ್ಳಲು ಹೋಗಿ ಬರಬೇಕು. ವಾಪಸು ಬಂದರೆ!

ಅವರು ಚಿಕ್ಕಮ್ಮನನ್ನು ನೋಡಲು ಬಂದಾಗ ನಮ್ಮಜ್ಜ "ಹುಡುಗಿ ಒಪ್ಪಿಗೇನಪ್ಪಾ?" ಎಂದು ಕೇಳಿದರಂತೆ. "ಉಪ್ಪಿಟ್ಟು ಚೆನ್ನಾಗಿತ್ತು, ಮಿಕ್ಕಿದ್ದು ಯೋಚ್ನೆ ಮಾಡಿ ಹೇಳ್ತೀನಿ" ಎಂದರಂತೆ ಚಿಕ್ಕಪ್ಪ. ಆ ಯೋಚನೆ ಮುಗಿಯುವ ಲಕ್ಷಣ ಕಾಣದೆ ಅಜ್ಜ ತಾವೇ ಲಗ್ನಪತ್ರಿಕೆ ಅಚ್ಚು ಹಾಕಿಸಿದರು. ಒಳ್ಳೆಯದೇ ಮಾಡಿದರು. ಇಲ್ಲದಿದ್ದರೆ ಚಿಕ್ಕಮ್ಮ ಇವತ್ತಿಗೂ ಉಪ್ಪಿಟ್ಟು ಕೆದಕುತ್ತ ನಿಂತಿರುತ್ತಿದ್ದಳು.

ಇಂಥವರ ತಲೆಯ ಮೇಲೆ ಒಂದು ಪಿಕಪ್ ಗಾಡಿ ಆರಿಸುವ ಹೊಣೆ ಬಿತ್ತು. ರಾಜಗೋಪಾಲನಗರದಲ್ಲಿ ಅವರದೊಂದು ಹಿಟ್ಟಿನ ಗಿರಣಿ ಇತ್ತು. ಚಿಕ್ಕಪ್ಪ ಪೀಣ್ಯದ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಿಂದಲೂ ಅದನ್ನು ನಡೆಸುವವಳು ಚಿಕ್ಕಮ್ಮ. ಹೋದ ವರ್ಷ ಕಟ್ಟಡದ ಮಾಲೀಕರು, ಇದನ್ನು ಕೆಡವಿ ಪಿ.ಜಿ. ಕಟ್ಟುತ್ತೇವೆ, ದೀಪಾವಳಿಯೊಳಗೆ ಖಾಲಿ ಮಾಡಿ ಎಂದರು. ಬೇರೆ ಅಂಗಡಿಗಳ ಬಾಡಿಗೆ ವಿಚಾರಿಸಿದರೆ ಗೋಧಿಯ ಬದಲು ನಮ್ಮನ್ನೇ ಬೀಸಿ ಕೊಡಬೇಕಾಗಿತ್ತು. ಗುಜರಿಯವನಂತೂ ಆಗಲೇ ಬಂದು ಯಂತ್ರವನ್ನು ತಟ್ಟಿ ನೋಡಿ ಹೋಗಿದ್ದ. ಗಿರಣಿ ಹೋದರೆ ನಾನು ಮನೆಯಲ್ಲಿ ಕೂತು ಏನು ಮಾಡಲಿ ಎಂದು ಚಿಕ್ಕಮ್ಮ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟಳು.

ಉಪಾಯ ಹೇಳಿದವಳು ನಾನು. ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ದಾವಣಗೆರೆ, ಹುಬ್ಬಳ್ಳಿ, ಬಾಗಲಕೋಟೆ ಕಡೆಯವರು ಬೇಕಾದಷ್ಟಿದ್ದಾರೆ. ಪ್ಯಾಕೆಟ್ಟಿನ ಜೋಳದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿ, ಅದು ಕೈಯಲ್ಲೇ ಬಿರಿದು ಹೋಗುವುದನ್ನು ನೋಡಿ ಊರನ್ನು ನೆನೆಯುವ ಜನ. ಗಿರಣಿಯನ್ನೇ ಅವರ ಗೇಟಿಗೆ ತಂದರೆ ಹೇಗೆ? ಪೀಣ್ಯದ ವೆಲ್ಡರೊಬ್ಬರು ಗಿರಣಿ ಕೂರಿಸಲು ಎರಡು ಚಕ್ರದ ಟ್ರಾಲಿಯನ್ನು ಮಾಡಿಕೊಟ್ಟೂಬಿಟ್ಟರು. ಜನರೇಟರ್ ಪಿಕಪ್ಪಿನ ಮೇಲೆ, ಗಿರಣಿ ಅದರ ಹಿಂದೆ. ಇನ್ನು ಪಿಕಪ್ ಒಂದು ಬರಬೇಕು, ಅಷ್ಟೆ. ಅದರಲ್ಲಿ ಇದ್ದದ್ದು ಎರಡೇ ಬಗೆ: ಉದ್ದ ಬಾಡಿಯದು, ಗಿಡ್ಡ ಬಾಡಿಯದು. ಒಂದು ಮಧ್ಯಾಹ್ನದ ಕೆಲಸ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಶೋರೂಮಿಗೆ ಹೋದ ಮೊದಲ ದಿನ ಚಿಕ್ಕಪ್ಪ ಚಪ್ಪಲಿ ಬಿಟ್ಟು ಗಾಡಿಯ ಹಿಂದೆ ಹತ್ತಿ ಅಂಗಾತ ಮಲಗಿದರು. ಸೇಲ್ಸ್ ಹುಡುಗಿ ಗಾಬರಿಯಾದಳು.

"ಸಾರ್, ಅದು ಲೋಡ್ ಹಾಕೋಕೆ ಸಾರ್."

"ಅಳತೆ ತಗೋತಿದೀನಮ್ಮ. ಜನರೇಟರು ನನಗಿಂತ ಒಂದು ಗೇಣು ಕಮ್ಮಿ. ಇದ್ರಲ್ಲಿ ಕಾಲು ಚಾಚೋಕೆ ಆಗ್ತಿಲ್ಲ, ಅದ್ರಲ್ಲಿ ಜಾಸ್ತಿ ಆಗುತ್ತೆ."

ಆಮೇಲೆ ದಿನಾ ಹೋಗತೊಡಗಿದರು. ಮೊದಮೊದಲು ಅಲ್ಲಿ ಕಾಫಿ ಕೊಡುತ್ತಿದ್ದರು, ಆಮೇಲೆ ನೀರು, ಆಮೇಲೆ ಬರೀ ನಗು. ಒಂದು ದಿನ ಆನೇಕಲ್ಲಿನಿಂದ ಬಂದಿದ್ದ ತರಕಾರಿ ವ್ಯಾಪಾರಿಗೆ ಎರಡೂ ಗಾಡಿಗಳ ಗುಣದೋಷಗಳನ್ನು ಚಿಕ್ಕಪ್ಪನೇ ವಿವರಿಸಿದರು. ಆತ ಅಲ್ಲೇ ಉದ್ದದ್ದನ್ನು ಬುಕ್ ಮಾಡಿ ಕೈ ಮುಗಿದು ಹೋದ. ಮ್ಯಾನೇಜರು ಬಂದು, "ಭಾನುವಾರ ಬನ್ನಿ ಸಾರ್, ರಶ್ ಇರುತ್ತೆ" ಎಂದರಂತೆ. ಊರಿಗೆಲ್ಲ ಗಾಡಿ ಕೊಡಿಸಿದ ಮನುಷ್ಯ ಮನೆಗೆ ನಡೆದುಕೊಂಡು ಬಂದರು.

ಟೀ ಅಂಗಡಿಯಲ್ಲಿ ಡ್ರೈವರುಗಳ ಅಭಿಪ್ರಾಯ ಸಂಗ್ರಹವೂ ನಡೆಯಿತು. "ಗಿಡ್ಡದ್ದು ಗಲ್ಲಿಯಲ್ಲಿ ಆರಾಮಾಗಿ ತಿರುಗುತ್ತೆ ಅಣ್ಣ, ಆದ್ರೆ ರಿವರ್ಸ್ ಹಾಕಿದ್ರೆ ಟ್ರಾಲಿ ಸರ್ರಂತ ಅಡ್ಡ ಬರುತ್ತೆ" ಎಂದ ಒಬ್ಬ. "ಉದ್ದದ್ದು ನೆಟ್ಟಗೆ ಎಳೆಯುತ್ತೆ ಗುರು, ಆದ್ರೆ ಅಪಾರ್ಟ್‌ಮೆಂಟ್ ಗೇಟಲ್ಲಿ ತಿರುಗ್ಸಿದ್ರೆ ಸೆಕ್ಯೂರಿಟಿಯವನ ಕುರ್ಚಿ ಹೋಯ್ತು ಅಂತಾನೇ" ಎಂದ ಇನ್ನೊಬ್ಬ. ಚಿಕ್ಕಪ್ಪ ಇಬ್ಬರಿಗೂ ಬನ್ನು ಕೊಡಿಸಿದರು. "ಇಬ್ಬರು ಹೇಳೋದೂ ಸರಿ ಕಣೇ ಪುಟ್ಟಿ. ಅದೇ ಕಷ್ಟ" ಎಂದರು ನನಗೆ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಪ್ರಯೋಗಕ್ಕೆ ಇಳಿದರು. ಗಿರಣಿಯ ಮುಂದಿನ ಗಲ್ಲಿ ರಸ್ತೆ, ಬಟ್ಟೆ ಒಣಗಿಸುವ ಬಿದಿರ ಗಳು ಕೊಂಡಿ, ಚಿಕ್ಕಮ್ಮ ಟ್ರಾಲಿ. ಗಳುವಿನ ಒಂದು ತುದಿ ಚಿಕ್ಕಪ್ಪನ ಸೊಂಟಕ್ಕೆ, ಇನ್ನೊಂದು ಚಿಕ್ಕಮ್ಮನ ಕೈಗೆ. ಚಿಕ್ಕಪ್ಪ ಒಬ್ಬರೇ ಹಿಂದೆ ಹಿಂದೆ ನಡೆದರೆ ಅದು ಗಿಡ್ಡ ಗಾಡಿ. ಅವರ ಭುಜ ಹಿಡಿದು ನಾನು ಹಿಂದೆ ನಿಂತು, ಗಳುವನ್ನು ನನ್ನ ಸೊಂಟಕ್ಕೆ ಕಟ್ಟಿದರೆ ಉದ್ದ ಗಾಡಿ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವವರು ಇದನ್ನು ನೋಡಲಿಲ್ಲ ಎಂಬುದೇ ನನ್ನ ಪುಣ್ಯ.

ಗಲ್ಲಿಗೆ ಗಲ್ಲಿಯೇ ಬಾಗಿಲಿಗೆ ಬಂತು. ಮಹಡಿಯಿಂದ ಯಾರೋ, "ಅಣ್ಣ, ಲೆಫ್ಟ್ ಕಟ್ ಮಾಡಿ, ಲೆಫ್ಟ್" ಎಂದರು. ಗಿಡ್ಡ ಗಾಡಿ ಲೆಫ್ಟ್ ಕಟ್ ಮಾಡಿತು. ಟ್ರಾಲಿ ಹೋಗಿ ನಿಂತಿದ್ದ ಸ್ಕೂಟರಿಗೆ ಗುದ್ದಿತು. ಉದ್ದ ಗಾಡಿ ನೆಟ್ಟಗೇನೋ ಬಂತು, ಆದರೆ ತಿರುವಿನಲ್ಲಿ ಅದರ ಹಿಂಭಾಗ, ಅಂದರೆ ನಾನು, ಪಕ್ಕದ ಮನೆಯ ರಂಗೋಲಿ ತುಳಿದು ಬೈಸಿಕೊಂಡೆ. ಟ್ರಾಲಿ ಗಳುವನ್ನು ಬಿಸಾಕಿ ಗಿರಣಿಯ ಮೆಟ್ಟಿಲ ಮೇಲೆ ಕೂತಿತು.

"ಈಗೇನಂತೀರಿ?" ಎಂದಳು ಚಿಕ್ಕಮ್ಮ.

"ಇನ್ನೊಂದ್ಸಲ ನೋಡೋಣ."

"ಏನು ನೋಡ್ತೀರಿ ರೀ? ಇನ್ನೊಂದು ವಾರಕ್ಕೆ ಹಬ್ಬ. ಗುಜರಿಯವನು ನಿನ್ನೆ ಟೆಂಪೋ ಸಮೇತ ಬಂದಿದ್ದ. ನೀವು ಹಿಂಗೇ ಯೋಚ್ನೆ ಮಾಡ್ತಿದ್ರೆ ಗಿರಣೀನ ತೂಕಕ್ಕೆ ಹಾಕ್ತಾರೆ." ನಾನು ಸೊಂಟದ ಹಗ್ಗ ಬಿಚ್ಚುವುದನ್ನು ನಿಲ್ಲಿಸಿದೆ.

ಚಿಕ್ಕಪ್ಪ ಹೋಗಿ ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಆಮೇಲೆ ಮೆಲ್ಲಗೆ, "ಯಾವುದಾದ್ರೂ ಆಗುತ್ತೆ ಕಣೇ. ನಂಗೆ ಮೊದಲನೇ ದಿನಾನೇ ಗೊತ್ತಿತ್ತು" ಎಂದರು.

ನಾವಿಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದೆವು.

"ಗಾಡಿ ಬಂದ ದಿನ ಈ ಬಾಗಿಲು ಹಾಕ್ಬೇಕಲ್ಲ, ಅದಕ್ಕೇ ಮುಂದೆ ಹಾಕ್ತಾ ಬಂದೆ. ಶಿಫ್ಟ್ ಮುಗಿಸಿ ಬಸ್ ಇಳಿದು ಆ ತಿರುವಿಗೆ ಬಂದ್ರೆ ಗಿರಣಿ ಸದ್ದು ಕೇಳ್ತಿತ್ತು. ನೀನಿದೀಯ ಅಂತ ಅಲ್ಲೇ ಗೊತ್ತಾಗ್ತಿತ್ತು. ಈಗ್ಲೂ ಟೀ ಕುಡಿದು ವಾಪಸ್ ಬರುವಾಗ ಆ ತಿರುವಲ್ಲಿ ಒಂದು ನಿಮಿಷ ನಿಂತು ಕೇಳಿಸಿಕೊಂಡೇ ಬರೋದು. ಅಂಗಡಿ ಇಲ್ಲ ಅಂದ್ಮೇಲೆ ಆ ತಿರುವಿಗೆ ಬಂದು ನಾನೇನು ಕೇಳಿಸ್ಕೊಳ್ಳಲಿ?"

ಇಷ್ಟು ಮಾತನ್ನು ಅವರು ಒಟ್ಟಿಗೆ ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವರನ್ನು ಗೇಲಿ ಮಾಡಿ ನಕ್ಕ ನನ್ನ ಕಣ್ಣಲ್ಲೇ ನೀರು ಬಂತು.

ಚಿಕ್ಕಮ್ಮ ಸೆರಗಿನಿಂದ ಕೈಯ ಹಿಟ್ಟು ಒರೆಸಿಕೊಂಡಳು. "ತಿರುವಲ್ಲಿ ಯಾಕೆ ನಿಲ್ತೀರಿ? ನಾನು ಪಕ್ಕದ ಸೀಟಲ್ಲೇ ಇರ್ತೀನಲ್ರೀ" ಎಂದಳು.

ಚಿಕ್ಕಪ್ಪ ಯೋಚಿಸಲೇ ಇಲ್ಲ. "ಹಂಗಾದ್ರೆ ಗಿಡ್ಡದ್ದೇ ಸಾಕು ನಡಿ" ಎಂದರು.