ಮಾವನವರ ಮಹಾರಾಣಿ

ಮದುವೆಯಾದ ದಿನ ನಾನು ಅಳಿಯನಾದೆ. ಮಾವನವರು ನಮ್ಮ ಮನೆಗೆ ಬಂದು ನೆಲೆಸಿದ ದಿನ ಮಹಾರಾಣಿಯಾದೆ. (ಈ ವಿಷಯದಲ್ಲಿ ನನ್ನ ಮೀಸೆಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ.)

ಮಾವ ಒಂದು ಕಾಲಕ್ಕೆ ನಾಟಕ ಕಂಪನಿಯ ಖಾಯಂ ರಾಜ. ಕಂಪನಿ ಮುಚ್ಚಿದರೂ ಅವರು ಸಿಂಹಾಸನದಿಂದ ಇಳಿದಿಲ್ಲ; ಸದ್ಯಕ್ಕೆ ಅದು ನನ್ನ ಸೋಫಾ. ನಾನು ಆಫೀಸಿನಿಂದ ಬಂದು ಬೂಟು ಬಿಚ್ಚುವುದರೊಳಗೆ, "ದೇವಿ, ಸಮರಕ್ಕೆ ಹೊರಟಿದ್ದೇನೆ, ನಗುತ್ತ ಬೀಳ್ಕೊಡು!" ಎಂದು ಗರ್ಜಿಸುತ್ತಾರೆ. ನಾನು ತಲೆಗೆ ಟವೆಲ್ ಹೊದ್ದು, "ಪ್ರಾಣೇಶ್ವರಾ!" ಎಂದು ಮೂರ್ಛೆ ಹೋಗಬೇಕು. ಅವರು ಹಿಡಿಯುವುದಿಲ್ಲ. ಬೀಳ್ಕೊಡುವುದೆಂದರೆ ಬಿದ್ದು ಕೊಡುವುದು ಎಂದು ನನ್ನ ಸೊಂಟ ಅರ್ಥ ಮಾಡಿಕೊಂಡಿದೆ.

"ರೀ, ಬೀಳೋದು ಬೀಳ್ತೀರಿ, ಟೀಪಾಯಿ ಸರಿಸಿ ಬೀಳಬಾರದಾ?" ಎಂದು ಹೆಂಡತಿಯ ಕಳಕಳಿ. (ಟೀಪಾಯಿಯ ಬಗ್ಗೆ.)

ಬಿದ್ದಮೇಲೆ ಮಾವನ ವಿಮರ್ಶೆ: "ಅವನು ಹೀಗೆ ಬೀಳ್ತಿರಲಿಲ್ಲ, ಅಳಿಯಂದಿರೇ."

ಅವನು ಎಂದರೆ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡುತ್ತಿದ್ದ ಅಸಲಿ ಮಹಾರಾಣಿ. ಈಗ ಬೋಳುತಲೆಯ ಟೈಲರ್. ಅಂಗಡಿ ನಮ್ಮ ಹಿಂದಿನ ಬೀದಿಯಲ್ಲೇ. ಒಮ್ಮೆ ನಾಟಕದಲ್ಲಿ ರಾಣಿ ಮೂರ್ಛೆ ಹೋದಾಗ ಚಪ್ಪಾಳೆ ಬಿತ್ತಂತೆ. ಹಿಡಿಯಬೇಕಾದ ರಾಜ ಜನರತ್ತ ಕೈ ಬೀಸುತ್ತ ನಿಂತನಂತೆ. ರಾಣಿ ಒಂದು ಕಡೆ, ಜಡೆ ಒಂದು ಕಡೆ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಇವರಿಬ್ಬರನ್ನು ಒಂದುಗೂಡಿಸಿದರೆ ನನಗೆ ರಾಣಿವಾಸದಿಂದ ಬಿಡುಗಡೆ! ಈ ದಿವ್ಯ ಆಲೋಚನೆಯನ್ನೂ ಒಂದು ಹಳೆಯ ಪ್ಯಾಂಟನ್ನೂ ಹೊತ್ತು ಅಂಗಡಿಗೆ ಹೋದೆ.

"ಮಾವ ನಿಮ್ಮನ್ನ ತುಂಬಾ ನೆನೆಸ್ಕೋತಾರೆ," ಎಂದೆ.

"ಕೈಬಿಟ್ಟವನ ವಿಷಯ ನನ್ನ ಹತ್ರ ಎತ್ತಬೇಡಿ. ಪ್ಯಾಂಟು ಉದ್ದ ಮಾಡಬೇಕಾ, ಅಗಲಾನಾ?"

"ಅಗಲ. ಹೋಗ್ಲಿ ಬಿಡಿ, ನಿಮ್ಮ ಪಾರ್ಟು ಈಗ ನಾನೇ ಮಾಡ್ತಿದ್ದೀನಿ."

ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

"ನೀವಾ? ಈ ಭುಜ ಇಟ್ಕೊಂಡು? ನನ್ನ ಪಾರ್ಟಾ?" ಎನ್ನುತ್ತ ಆತ ಕತ್ತರಿ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ನನಗಿಂತ ಮುಂದೆ ನಮ್ಮ ಮನೆಯ ಹಾದಿ ಹಿಡಿದೇಬಿಟ್ಟರು.

ಮನೆಯಲ್ಲಿ ರಾಜ ಕಿಟಕಿ ನೋಡಿದರು, ರಾಣಿ ಗಡಿಯಾರ ನೋಡಿದರು. ಹೆಂಡತಿ ನನ್ನನ್ನು ನೋಡಿದಳು. ಆ ನೋಟದ ಭಾಷಾಂತರ ಇಲ್ಲಿ ಬೇಡ. ಬೇರೆ ದಾರಿ ಕಾಣದೆ ನಾನು ಟವೆಲ್ ಹೊದ್ದು, "ಪ್ರಾಣೇಶ್ವರಾ!" ಎಂದು ಬಿದ್ದೆ.

"ಅಯ್ಯಯ್ಯೋ! ಮೂಟೆ ಇಳಿಸಿದ ಹಾಗೆ ಬೀಳ್ತಾರಲ್ಲಪ್ಪ!" ಟೈಲರ್‌ಗೆ ತಡೆಯಲಾಗಲಿಲ್ಲ. "ಏಳಿ ಆ ಕಡೆ! ಮೊದಲು ಕಣ್ಣು ಬೀಳಬೇಕು, ಆಮೇಲೆ ಕತ್ತು, ಆಮೇಲೆ..."

ಆಮೇಲಿನದು ಬಾಯಲ್ಲಿ ಬರಲಿಲ್ಲ, ಮೈಯಲ್ಲೇ ಬಂತು. ಆ ಮುದುಕ ಬಳ್ಳಿಯಂತೆ ಬಳುಕಿ ಹಿಂದಕ್ಕೆ ವಾಲಿದರು. ಸೋಫಾದಿಂದ ಎದ್ದುಬರಲು ನನ್ನ ಹೆಗಲು ಬೇಡುವ ಮಾವ ಅದು ಹೇಗೆ ಹಾರಿದರೋ, ಎರಡೂ ತೋಳು ಚಾಚಿ ಹಿಡಿದೇಬಿಟ್ಟರು.

"ಹಿಡಿದೆ ಕಣೋ," ಎಂದರು ಮಾವ. ಗಂಟಲಲ್ಲಿ ರಾಜನಿರಲಿಲ್ಲ.

"ಎಷ್ಟು ತಡ ಮಾಡಿದ್ಯೋ, ದರಿದ್ರದವನೇ!"

ಆಮೇಲೆ ಅತ್ತರು, ನಕ್ಕರು, ಒಬ್ಬರ ಬೆನ್ನಿಗೊಬ್ಬರು ಗುದ್ದಿದರು. ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಜೀವನದಲ್ಲಿ ಒಂದಾದ್ರೂ ಒಳ್ಳೇ ಕೆಲ್ಸ ಮಾಡಿದ್ರಿ," ಎಂದು ಪ್ರಶಸ್ತಿಪತ್ರ ಕೊಟ್ಟಳು. ನಾನು ಟವೆಲನ್ನು ಮಡಚಿ ಮೂಲೆಗೆಸೆದು, "ಇನ್ನು ಮಹಾರಾಣಿಯವರದೇ ರಾಜ್ಯಭಾರ!" ಎಂದೆ.

"ನಾನಾ? ಇನ್ನೊಂದು ಸಲ ಬಿದ್ರೆ ನನ್ನನ್ನ ಎತ್ತೋಕೆ ನಾಲ್ಕು ಜನ ಬೇಕು!" ಎಂದು ಟೈಲರ್ ನಕ್ಕರು. "ಬೀಳೋಕೆ ನೀವಿದ್ದೀರಲ್ಲ. ದಿನಾ ಸಂಜೆ ಬಂದು ತಿದ್ದಿ ಕೊಡ್ತೀನಿ."

"ಹಿಡಿಯೋಕೆ ನಾನಿದ್ದೀನಿ!" ಎಂದು ಮಾವ ತೋಳೇರಿಸಿ, ಕಿಟಕಿಯ ಹೊರಗೆ ಯಾರೋ ಚಪ್ಪಾಳೆ ತಟ್ಟಿದಂತೆ ಕೇಳಿತೋ ಏನೋ, ಆ ಕಡೆಗೆ ಕೈ ಬೀಸಿದರು.

ಟೈಲರ್ ಜೇಬಿನಿಂದ ಟೇಪು ತೆಗೆದು ನನ್ನ ಎದೆಗೆ ಸುತ್ತಿದರು. "ರವಿಕೆ ಇಲ್ಲದೆ ಎಂಥಾ ರಾಣಿ? ಉಸಿರು ಬಿಡಿ."

ನಾನು ದೀನನಾಗಿ ಹೆಂಡತಿಯತ್ತ ನೋಡಿದೆ. ಅವಳು ಹತ್ತಿರ ಬಂದು ಟೇಪನ್ನು ಗಮನವಿಟ್ಟು ನೋಡಿ ಹೇಳಿದಳು:

"ಸ್ವಲ್ಪ ಬಟ್ಟೆ ಒಳಗೆ ಬಿಟ್ಟಿರಿ ಮಾಮ, ಇವರಿನ್ನೂ ಬೆಳೀತಿದ್ದಾರೆ."