ಕೆಂಚವೀರಪ್ಪನವರ ಕ್ಯಾಮೆರಾ ವಿದ್ಯಾಭ್ಯಾಸ

ಕೆಂಚವೀರಪ್ಪನವರಿಗೆ ಅರವತ್ತಮೂರನೆಯ ವಯಸ್ಸಿನಲ್ಲಿ ವಿದ್ಯೆಯ ಹಸಿವು ಹುಟ್ಟಿದ್ದು ಒಂದು ಬೆಲ್ಲದ ಡಬ್ಬಿಯಿಂದ. ಇದನ್ನು ಅವರು ಯಾರ ಮುಂದೆಯೂ ಒಪ್ಪಿಕೊಳ್ಳುವುದಿಲ್ಲ. "ಈಗಿನ ಕಾಲದಾಗೆ ನಾಕು ಯಂತ್ರದ ವಿಚಾರ ತಿಳ್ಕಂಡಿರ್ಬೇಕ್ರಿ" ಎಂದು ಮೀಸೆ ನೀವಿಕೊಳ್ಳುತ್ತಾರೆ. ಅವರ ಮರ್ಯಾದೆಗೆ ನಾವೂ ಹೌದೌದು ಎಂದು ತಲೆಯಾಡಿಸಬೇಕು. ಆದರೆ ನಡೆದದ್ದೇ ಬೇರೆ.

ದಾವಣಗೆರೆಯ ವಿದ್ಯಾನಗರದ ಅವರ ಮನೆಗೆ ಹೋದ ಶ್ರಾವಣದಲ್ಲಿ ನಾಲ್ಕು ಸಿಸಿ ಕ್ಯಾಮೆರಾಗಳು ಬಂದವು. ತರಿಸಿದವರು ಪತ್ನಿ ಸರ್ವಮಂಗಳಮ್ಮ. ಬಡಾವಣೆಯಲ್ಲಿ ಕಳ್ಳರ ಕಾಟ ಜಾಸ್ತಿಯಾಗಿದೆ ಎಂದರು. ಕೆಂಚವೀರಪ್ಪನವರು ಭೇಷ್ ಎಂದು ತಾವೇ ಮುಂದೆ ನಿಂತು ಏಣಿ ಹಿಡಿದುಕೊಂಡರು. ಮೊದಲನೆಯ ಕ್ಯಾಮೆರಾ ಗೇಟಿಗೆ ಬಿತ್ತು, ಸರಿ. ಎರಡನೆಯದು ಪಡಸಾಲೆಗೆ, ಅದೂ ಸರಿ. ಮೂರನೆಯದು ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯ ನೇರಕ್ಕೆ, ನಾಲ್ಕನೆಯದು ದೇವರ ಕೋಣೆಯಲ್ಲಿ ಕಲ್ಲುಸಕ್ಕರೆ ಬಟ್ಟಲಿನ ನೇರಕ್ಕೆ ಬಿದ್ದಾಗ ಏಣಿ ಹಿಡಿದ ಕೈ ಸಡಿಲವಾಯಿತು.

"ಅಲ್ಲ ಮಂಗಳಾ, ಅಡಿಗೆ ಮನೆಗೆ ಯಾವ ಕಳ್ಳ ಬರ್ತಾನೆ?"

"ಬರ್ತಾನ್ರಿ. ದಿನಾ ಬರ್ತಾನೆ. ಬಿಳಿ ಪಂಚೆ ಉಟ್ಕಂಡು, ನಾನು ಸ್ನಾನಕ್ಕೆ ಹೋಗೋದನ್ನೇ ಕಾಯ್ಕಂಡು ಬರ್ತಾನೆ."

ಏಣಿಯ ಮೇಲಿದ್ದ ಕ್ಯಾಮೆರಾ ರಿಪೇರಿಯ ಯೋಗರಾಜ್ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ.

ವಿಷಯ ಇಷ್ಟೇ. ಕೆಂಚವೀರಪ್ಪನವರ ರಕ್ತದಲ್ಲಿ ಸಕ್ಕರೆ ಮುನ್ನೂರ ನಲವತ್ತಕ್ಕೆ ಏರಿತ್ತು. ಡಾಕ್ಟರು ಸಿಹಿಯನ್ನು ಕಣ್ಣಿಂದಲೂ ನೋಡಬೇಡಿ ಎಂದಿದ್ದರು. (ನೋಡುತ್ತಿರಲಿಲ್ಲ, ನಿಜ. ಕಣ್ಣು ಮುಚ್ಚಿಕೊಂಡೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.) ಸರ್ವಮಂಗಳಮ್ಮ ಬೇಡಿಕೊಂಡರು, ಅತ್ತರು, ಮಾತು ಬಿಟ್ಟರು. ಯಾವುದೂ ನಾಟಲಿಲ್ಲ. ಕೊನೆಗೆ ಕ್ಯಾಮೆರಾ ಹಾಕಿಸಿ, ಪಡಸಾಲೆಯ ನಡುವೆ ನಿಂತು ತೀರ್ಪು ಕೊಟ್ಟರು.

"ಮೂರು ಸಲ. ಮೂರು ಸಲ ಸಿಕ್ಕಿಬಿದ್ರೆ ಸ್ಕೂಟರ್ ಕೀಲಿ ನನ್ನ ಸೆರಗಿಗೆ. ಆಮೇಲೆ ನೀವುಂಟು, ಈ ಮನೆ ಉಂಟು."

ಆ ಸ್ಕೂಟರು ಇಪ್ಪತ್ತೆಂಟು ವರ್ಷ ಹಳೆಯದು. ಒದ್ದರೆ ಮೂರನೆಯ ಸಲಕ್ಕೆ ಕೆಮ್ಮುತ್ತದೆ, ಆರನೆಯ ಸಲಕ್ಕೆ ಹೊರಡುತ್ತದೆ. ಆದರೂ ದಿನಾ ಬೆಳಿಗ್ಗೆ ಕುಕ್ಕುವಾಡದ ಗದ್ದೆಗೆ ಅವರನ್ನು ಒಯ್ಯುವುದು ಅದೇ. ಎಲ್ಲಿಗೆ, ಯಾಕೆ, ಯಾವಾಗ ಬರ್ತೀರಿ ಎಂದು ಕೇಳದೆ ಕರೆದೊಯ್ಯುವ ಏಕೈಕ ಜೀವ ಅದು. ಕೀಲಿ ಹೋದರೆ ತಮ್ಮ ಪ್ರಪಂಚ ಗೇಟಿಗೇ ಮುಗಿಯುತ್ತದೆ ಎಂದು ನೆನೆದು ಅವರಿಗೆ ನಿಜಕ್ಕೂ ದುಃಖವಾಯಿತು.

ದುಃಖವಾದರೂ ಮೊದಲ ವಾರವೇ ಒಮ್ಮೆ ಸಿಕ್ಕಿಬಿದ್ದರು. ಸರ್ವಮಂಗಳಮ್ಮ ಫೋನಿನಲ್ಲಿ ತೋರಿಸಿದ ಚಿತ್ರದಲ್ಲಿ ಬೆಲ್ಲದ ತುಣುಕಿನ ಕೋನಗಳು ಕೂಡ ಎಣಿಸುವಷ್ಟು ಸ್ಪಷ್ಟವಾಗಿದ್ದವು. "ಒಂದು" ಎಂದರು ಅವರು. ಅಂದೇ ಕೆಂಚವೀರಪ್ಪನವರು ಘೋರ ಪ್ರತಿಜ್ಞೆ ಮಾಡಿದರು. ಈ ಯಂತ್ರವನ್ನು ಬುಡದಿಂದ ಕಲಿಯುತ್ತೇನೆ, ಕಲಿತು ಇದರ ಸೊಕ್ಕು ಮುರಿಯುತ್ತೇನೆ.

ಇನ್ನೂರು ಪುಟದ ನೋಟುಪುಸ್ತಕ ಕೊಂಡರು. ಮೊದಲ ಪುಟದಲ್ಲಿ 'ಶ್ರೀ ಗುರುಬಸವಲಿಂಗಾಯ ನಮಃ' ಎಂದು ಬರೆದು ಯೋಗರಾಜನ ಅಂಗಡಿಗೆ ಹೋಗಿ ಕೂತರು.

"ಐದೇ ಐದು ಸಾಮಾನು ಸಾವ್ಕಾರ್ರೆ," ಎಂದ ಯೋಗರಾಜ್. "ನೋಡೋದು ಕ್ಯಾಮೆರಾ. ನೋಡಿದ್ದನ್ನ ಹೊತ್ಕಂಡು ಹೋಗೋದು ಕೇಬಲ್ಲು. ಅದನ್ನ ಇಸ್ಕಳ್ಳೋ ಪೆಟ್ಟಿಗೆ ಡಿವಿಆರ್. ಪೆಟ್ಟಿಗೆ ಒಳಗೆ ನೆನಪಿಟ್ಕಳ್ಳೋದು ಹಾರ್ಡ್ ಡಿಸ್ಕು. ಇಷ್ಟಕ್ಕೂ ಕರೆಂಟು ಉಣಿಸೋದು ಅಡಾಪ್ಟರು."

"ಅಂದ್ರೆ ಕ್ಯಾಮೆರಾಕ್ಕೆ ನೆನಪೇ ಇರಲ್ಲ?"

"ಇಲ್ರಿ. ನೋಡಿ ಅಲ್ಲೇ ಮರೀತೈತೆ."

"ಥೇಟ್ ನನ್ನಂಗೆ. ಆ ಹಾರ್ಡ್ ಡಿಸ್ಕು ಎಷ್ಟು ದಿವ್ಸ ನೆನಪಿಟ್ಕಂತೈತೆ?"

"ಹದಿನೈದು ದಿವ್ಸ. ಆಮೇಲೆ ಹಳೇದು ಅಳಿಸಿ ಹೊಸದು ಬರ್ಕಂತೈತೆ."

"ಹಂಗಾರೆ ನಮ್ಮನೆಯವ್ರಿಗಿಂತ ವಾಸಿ. ಅವ್ರು ಮೂವತ್ತೈದು ವರ್ಷದ್ದೂ ಹಂಗೇ ಇಟ್ಕಂಡವ್ರೆ" ಎಂದು ಕೆಂಚವೀರಪ್ಪನವರು ಬರೆದುಕೊಂಡರು.

ಒಂದೇ ಒಂದು ದಿನ ಬಿಟ್ಟರೆ ಮೂರು ವಾರ ತಪ್ಪದೆ ಹೋದರು. ಕೇಬಲ್ಲಿನ ತುದಿಗೆ ಪಿನ್ನು ಕೂರಿಸುವುದು, ತಿರುಗಿಸಿ ಬಿಗಿ ಮಾಡುವುದು, ಡಿವಿಆರ್ ಬಿಚ್ಚಿ ದೂಳು ಒರೆಸುವುದು ಎಲ್ಲ ಕೈವಶವಾಯಿತು. ಸೊಸೆ ಅಂಕಿತಾಳನ್ನು ಪುಸಲಾಯಿಸಿ ಕ್ಯಾಮೆರಾದ ಆ್ಯಪನ್ನು ತಮ್ಮ ಫೋನಿಗೂ ಹಾಕಿಸಿಕೊಂಡರು. ಹೆಂಡತಿ ಯಾವ ಕೋಣೆಯಲ್ಲಿದ್ದಾಳೆ ಎಂದು ನೋಡಿಕೊಂಡು ದಾಳಿ ಮಾಡಬಹುದಲ್ಲ! "ಈಗ ಬಾ" ಎಂದು ಅಡುಗೆಮನೆಯ ಕ್ಯಾಮೆರಾದ ಕಡೆ ನೋಡಿ ತೊಡೆ ತಟ್ಟಿದರು.

ಮೊದಲ ದಾಳಿ ಕ್ಯಾಮೆರಾದ ಮೇಲೆ. ಸೋಮವಾರ ಬೆಳಿಗ್ಗೆ ಲಿಂಗಪೂಜೆ ಮುಗಿಸಿದವರೇ ಅದೇ ಭಕ್ತಿಯಲ್ಲಿ ಅಡುಗೆಮನೆಗೆ ಬಂದು, ಸ್ಟೂಲು ಹತ್ತಿ, ಕ್ಯಾಮೆರಾದ ಗಾಜಿಗೆ ಮೂರು ಬೆರಳಿನ ವಿಭೂತಿ ಗಟ್ಟಿಯಾಗಿ ಎಳೆದರು. ನಡುವೆ ಒಂದು ಕುಂಕುಮದ ಬೊಟ್ಟು.

"ಏನ್ರಿ ಇದು?" ಎಂದರು ಸರ್ವಮಂಗಳಮ್ಮ.

"ಹೊಸ ಯಂತ್ರಕ್ಕೆ ಪೂಜೆ ಮಾಡಿರಲಿಲ್ಲ. ಮನೆಗೆ ಶ್ರೇಯಸ್ಸಲ್ಲ. ಹಚ್ಚಿದ ವಿಭೂತಿ ಮಾತ್ರ ಅಳಿಸಬ್ಯಾಡ, ಪಾಪ ಬರುತ್ತೆ."

ಸರ್ವಮಂಗಳಮ್ಮ ಕ್ಯಾಮೆರಾಕ್ಕೆ ಕೈ ಮುಗಿದರು. ಕೆಂಚವೀರಪ್ಪನವರು ಒಳಗೊಳಗೇ ಹಿಗ್ಗಿದರು. ಆಮೇಲೆ ಆಕೆ ಒಂದು ಚೊಂಬು ನೀರು, ಹಸಿ ಬಟ್ಟೆ ತಂದರು. "ಪೂಜೆ ಅಂದ ಮೇಲೆ ಅಭಿಷೇಕಾನೂ ಆಗ್ಬೇಕಲ್ರಿ" ಎಂದು ಗಾಜನ್ನು ಫಳಫಳ ಹೊಳೆಯುವ ಹಾಗೆ ತೊಳೆದರು. ಮೊದಲಿಗಿಂತ ಈಗ ಚೆನ್ನಾಗಿ ಕಾಣುತ್ತಿತ್ತು.

ಎರಡನೆಯ ದಾಳಿ ಕೇಬಲ್ಲಿನ ಮೇಲೆ. ಸರ್ವಮಂಗಳಮ್ಮ ಪಕ್ಕದ ಮನೆಗೆ ಹೋಗಿದ್ದ ಸಮಯ ನೋಡಿ ಡಿವಿಆರ್ ಹಿಂದೆ ಕೈ ಹಾಕಿ ಮೂರನೆಯ ಪಿನ್ನನ್ನು ತಿರುಗಿಸಿ ಎಳೆದರು. ಫೋನಿನಲ್ಲಿ ಅಡುಗೆಮನೆಯ ಚಿತ್ರ ಕತ್ತಲಾಯಿತು. ಆಹಾ! ಆದರೆ ಮರುಕ್ಷಣವೇ ಪೆಟ್ಟಿಗೆ ಬೀಪ್ ಬೀಪ್ ಎಂದು ಬೊಬ್ಬೆ ಹೊಡೆಯತೊಡಗಿತು. (ಚಿತ್ರ ಬರುವುದು ನಿಂತರೆ ಅದು ಕೂಗುತ್ತದೆ ಎಂಬ ಪಾಠದ ದಿನ ಕೆಂಚವೀರಪ್ಪನವರು ಗೈರುಹಾಜರು, ಗದ್ದೆಗೆ ನೀರು ಬಿಟ್ಟಿದ್ದರು.) ಸರ್ವಮಂಗಳಮ್ಮನ ಹಿಂದೆ ಪಕ್ಕದ ಮನೆಯವರೆಲ್ಲ ಓಡಿ ಬಂದರು.

"ಇಲಿ ಕಣೇ, ಇಲಿ! ವೈರು ಎಳೆದು ಹೋತು!"

"ಇಲಿ ಪಿನ್ನು ತಿರುಗಿಸಿ ಬಿಚ್ಚುತ್ತೇನ್ರಿ? ಅದೂ ಮೂರನೇದನ್ನೇ ಹುಡುಕಿ?"

ಬಾಯಿಗೆ ಇನ್ನೂ ಬೆಲ್ಲ ಬಿದ್ದಿರಲಿಲ್ಲವಾದ್ದರಿಂದ ಅದು ಲೆಕ್ಕಕ್ಕೆ ಬರಲಿಲ್ಲ. ಅಷ್ಟರ ಮಟ್ಟಿಗೆ ಸರ್ವಮಂಗಳಮ್ಮ ನ್ಯಾಯವಂತೆ.

ಮೂರನೆಯ ದಾಳಿಯಲ್ಲಿ ಅನ್ನದ ಮೂಲಕ್ಕೇ ಕೈ ಹಾಕಿದರು. ಅಡಾಪ್ಟರಿನ ಸ್ವಿಚ್ಚನ್ನೇ ಆರಿಸಿ, ಹದಿನೈದು ನಿಮಿಷದಲ್ಲಿ ಬೆಲ್ಲ, ಕಲ್ಲುಸಕ್ಕರೆ ಎರಡನ್ನೂ ವಿಚಾರಿಸಿಕೊಂಡು, ಬಾಯಿ ತೊಳೆದು ಮತ್ತೆ ಸ್ವಿಚ್ಚು ಹಾಕಿದರು. ಸಂಜೆ ಸರ್ವಮಂಗಳಮ್ಮ ಫೋನು ಮುಂದಿಟ್ಟರು. ನಾಲ್ಕೂ ಹತ್ತಕ್ಕೆ ಕೆಂಚವೀರಪ್ಪನವರು ಬೆಕ್ಕಿನ ಹೆಜ್ಜೆಯಲ್ಲಿ ಸ್ವಿಚ್ಚಿನ ಕಡೆ ನಡೆಯುತ್ತಿದ್ದಾರೆ. ಆಮೇಲೆ ಏನೂ ಇಲ್ಲ. ನಾಲ್ಕೂ ಇಪ್ಪತ್ತೈದಕ್ಕೆ ಮೀಸೆ ಒರೆಸಿಕೊಳ್ಳುತ್ತ ಸ್ವಿಚ್ಚಿನ ಕಡೆಯಿಂದ ಬರುತ್ತಿದ್ದಾರೆ.

"ಎರಡು" ಎಂದರು ಸರ್ವಮಂಗಳಮ್ಮ. ದನಿ ಸಣ್ಣಗಿತ್ತು. "ಇದರ ಅರ್ಧ ಬುದ್ಧಿ ನಾಲಿಗೆ ಹಿಡಿಯೋಕೆ ಇಟ್ಟಿದ್ರೆ ಆಗ್ತಿತ್ತಲ್ರಿ."

ಕೆಂಚವೀರಪ್ಪನವರಿಗೆ ನಾಚಿಕೆಯಾಯಿತು. ಎರಡು ದಿನ ನಾಚಿಕೆಯಲ್ಲೇ ಇದ್ದರು. ಮೂರನೆಯ ದಿನ ಅವರಿಗೆ ಹೊಳೆಯಿತು. ಛೇ, ಹೆಂಡತಿಯ ಕ್ಯಾಮೆರಾ ಇರುವ ಕಡೆ ಯಾಕೆ ಹೋರಾಡಬೇಕು? ಇಲ್ಲದ ಕಡೆ ಹೋದರಾಯಿತು.

"ಮಲೆಬೆನ್ನೂರಿಗೆ ಹೋಗಿ ಬರ್ತೀನಿ. ಭತ್ತದ ಬಿತ್ತನೆ ಬೀಜ ನೋಡ್ಬೇಕು" ಎಂದು ಸ್ಕೂಟರು ಒದ್ದರು. ಮಲೆಬೆನ್ನೂರಿಗೆ ಹರಿಹರದ ಮೇಲೇ ಹೋಗಬೇಕು. ಹರಿಹರದಲ್ಲಿ ಹಿದಾಯತ್ ಎಂಬವರ ಮಿಠಾಯಿ ಅಂಗಡಿ ಇದೆ. ಅಲ್ಲಿ ಹನ್ನೊಂದು ಗಂಟೆಗೆ ಬಾಣಲೆಯಿಂದ ಬಿಸಿ ಜಿಲೇಬಿ ಇಳಿಯುತ್ತದೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಕೆಂಚವೀರಪ್ಪನವರು ಮೂಲೆಯ ಮೇಜಿನಲ್ಲಿ ಕೂತಿದ್ದರು. ಕಾಲು ಕಿಲೋ ಹೇಳಿ ತಲೆ ಎತ್ತಿದರೆ, ನೆತ್ತಿಯ ಮೇಲೆ ಕ್ಯಾಮೆರಾ!

ಗಲ್ಲಾದ ಪಕ್ಕದ ಟೀವಿ ನೋಡಿದ ಮೇಲೆ ಜೀವ ಬಂತು. ಪರದೆ ಕಪ್ಪಗಿತ್ತು, ಚಿತ್ರವಿಲ್ಲ. ಜಿಲೇಬಿ ಬಂತು. ಮೊದಲನೆಯ ಸುತ್ತು ಬಾಯಲ್ಲಿ ಕರಗುವಾಗ ಅವರ ಕಣ್ಣಲ್ಲಿ ನೀರು ಬಂದದ್ದು ಸುಳ್ಳಲ್ಲ. ಆದರೆ ಎರಡನೆಯದರ ಹೊತ್ತಿಗೆ ಕಣ್ಣು ಮತ್ತೆ ಆ ಕಪ್ಪು ಪರದೆಗೆ ಹೋಯಿತು. ಮೂರನೆಯದಕ್ಕೂ ಹೋಯಿತು. ಮೂರು ವಾರದ ವಿದ್ಯೆ ಒಳಗೆ ಕೂತು ಕಚಗುಳಿ ಇಡುತ್ತಿತ್ತು.

"ಯಾಕ ಸಾಹೇಬ್ರೇ, ನಿಮ್ಮ ಕ್ಯಾಮೆರಾ ಕೆಟ್ಟೈತಾ?"

"ವಾರ ಆತು ಸಾವ್ಕಾರ್ರೆ," ಎಂದರು ಹಿದಾಯತ್, ತಕ್ಕಡಿ ಒರೆಸುತ್ತ. "ಮೊದಲು ಬೀಪ್ ಬೀಪ್ ಅಂತಿತ್ತು, ಆ ಸದ್ದು ನಾನೇ ಬಂದ್ ಮಾಡ್ದೆ. ಹಾಕಿದೋನು ಫೋನೇ ಎತ್ತಲ್ಲ. ಇಲ್ಲಿ ನೋಡಿದ್ರೆ ದಿನಾ ಗಿರಾಕಿಗಳ ಹೆಲ್ಮೆಟ್ ಕಾಣೆ ಆಗ್ತಾವೆ. ಎಲ್ರೂ ನನ್ನೇ ಕೇಳ್ತಾರೆ. ಸಾಕಾಗಿ ಹೋಗೈತೆ."

ಇಲ್ಲಿ ಕೆಂಚವೀರಪ್ಪನವರು ಅಯ್ಯೋ ಪಾಪ ಎಂದು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವರು ಕೈ ತೊಳೆದು ಬಂದು, ಪಂಚೆ ಎತ್ತಿ ಕಟ್ಟಿ, "ಒಂದು ಸ್ಟೂಲ್ ಕೊಡ್ರಿ" ಎಂದರು.

ಅಡಾಪ್ಟರಿನ ದೀಪ ಉರಿಯುತ್ತಿತ್ತು, ಅದು ಪಾಸು. ಡಿವಿಆರಿಗೆ ಕಿವಿ ಇಟ್ಟರೆ ಹಾರ್ಡ್ ಡಿಸ್ಕು ಗುಂಯ್‌ಗುಟ್ಟುತ್ತಿತ್ತು, ಅದೂ ಪಾಸು. ಕ್ಯಾಮೆರಾದ ಗಾಜು ಒರೆಸಿದರು, ಬರಲಿಲ್ಲ. "ಬಿಡ್ರಿ ಸಾವ್ಕಾರ್ರೆ, ಜಿಲೇಬಿ ಆರುತ್ತೆ" ಎಂದರು ಹಿದಾಯತ್. "ಆರ್ಲಿ ಬಿಡ್ರಿ!" ಎಂದು ಕೆಂಚವೀರಪ್ಪನವರು ಗದರಿಸಿದರು. ಕೇಬಲ್ಲನ್ನು ಗೋಡೆಗುಂಟ ಕೈಯಲ್ಲಿ ತಡವುತ್ತ ಹೋಗಿ, ತುದಿಯ ಪಿನ್ನು ಬಿಚ್ಚಿದರೆ ಒಳಗಿಂದ ಇರುವೆಗಳ ಸಾಲು ಹೊರಬಂತು. ಮಿಠಾಯಿ ಅಂಗಡಿಯ ಪಾಕದ ಜಿಡ್ಡು ಪಿನ್ನಿಗೂ ಹತ್ತಿ, ಇರುವೆಗಳು ಅಲ್ಲೇ ಸಂಸಾರ ಹೂಡಿದ್ದವು. ಊದಿ, ಒರೆಸಿ, ಕೆರೆದು, ತಿರುಗಿಸಿ ಬಿಗಿ ಮಾಡಿದರು.

ಪರದೆ ಝಗ್ಗನೆ ಬೆಳಗಿತು. ಅಂಗಡಿಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಕೆಂಚವೀರಪ್ಪನವರಿಗೆ ಮದುವೆಯಲ್ಲಿ ಬಾಸಿಂಗ ಕಟ್ಟಿಕೊಂಡಾಗಲೂ ಇಷ್ಟು ಹೆಮ್ಮೆಯಾಗಿರಲಿಲ್ಲ.

"ಭಾರಿ ಮನುಷ್ಯರು ಬಿಡ್ರಿ ನೀವು! ಇದು ಮೊಬೈಲ್‌ನಾಗೂ ಕಾಣುತ್ತಂತಲ್ಲ, ಹೌದೇನ್ರಿ?"

"ಕಾಣುತ್ತೆ ಅಂದ್ರೆ? ಈಗ್ಲೇ ತೋರಿಸ್ತೀನಿ ಬರ್ರಿ" ಎಂದು ತಮ್ಮ ಫೋನು ತೆಗೆದರು. ಆ್ಯಪು ತೆರೆದು, ಡಿವಿಆರಿನ ಹೊಟ್ಟೆಯ ಕೆಳಗಿದ್ದ ಕಪ್ಪು ಚುಕ್ಕಿಗಳ ಕ್ಯೂಆರ್ ಚೌಕಕ್ಕೆ ಹಿಡಿದರು. ಟಿಂಗ್ ಎಂದಿತು. ಹಿದಾಯತರ ಅಂಗಡಿ ಕೆಂಚವೀರಪ್ಪನವರ ಅಂಗೈಯಲ್ಲಿ ಬಂದು ಕೂತಿತು. ಆನಂದ ತಡೆಯಲಾರದೆ ಹಿದಾಯತ್ ಅರ್ಧ ಕಿಲೋ ಹೊಸ ಜಿಲೇಬಿ ತಂದಿಟ್ಟು, ಬಿಡಿಗಾಸೂ ಬೇಡ ಎಂದರು. ಕೆಂಚವೀರಪ್ಪನವರು ಫೋನನ್ನು ನೀರಿನ ಲೋಟಕ್ಕೆ ಆನಿಸಿ, ಜಿಲೇಬಿ ತಿನ್ನುವ ತಮ್ಮನ್ನು ತಾವೇ ನೋಡುತ್ತ ತಿನ್ನತೊಡಗಿದರು. ಎಷ್ಟು ಸ್ಪಷ್ಟ! ಮೀಸೆಗೆ ಅಂಟಿದ ಪಾಕ ಕೂಡ ಕಾಣುತ್ತಿತ್ತು.

ಫೋನು ರಿಂಗಾಯಿತು. ಮಂಗಳಾ.

"ಎಲ್ಲಿದೀರ್ರಿ?"

"ಮಲೆಬೆನ್ನೂರು. ಬೀಜದ ಅಂಗಡಿಯಾಗೆ. ಭಾರಿ ರಶ್ಶು."

"ಬೀಜ ಕೇಸರಿ ಬಣ್ಣ ಇರ್ತಾವೇನ್ರಿ ಈಗ?"

ಕೆಂಚವೀರಪ್ಪನವರ ಕೈಯಲ್ಲಿದ್ದ ಜಿಲೇಬಿ ಅಲ್ಲೇ ನಿಂತಿತು.

"ನಮ್ಮನೆಯಾಗೆ ನಾಕೇ ಕ್ಯಾಮೆರಾ ಇದ್ವು. ಈಗ ಐದನೇದು ಬಂದೈತೆ. ನಿಮ್ಮ ಫೋನಿನ ಆ್ಯಪು ನನ್ನ ನಂಬರಿಂದು ಕಣ್ರಿ. ನೀವು ಅದಕ್ಕೆ ಏನ್ ಸೇರಿಸಿದ್ರೂ ನನಗೂ ಕಾಣುತ್ತೆ. ಯೋಗರಾಜ್ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಅವನು ಸಾಮಾನುಗಳ ಪಾಠವನ್ನಷ್ಟೇ ಮಾಡಿದ್ದ.

"ಎಂಟನೇದು ತಿಂತಿದೀರಿ," ಎಂದಿತು ಫೋನು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ನಡುಕವಿತ್ತು. "ನಿಮ್ಮಣ್ಣನ ಕಾಲು ಇದೇ ಸಕ್ಕರೆಯಿಂದ ತೆಗೆದಿದ್ದು ಮರೆತ್ರೇನ್ರಿ? ನನಗೆ ಭಯ ಆಗುತ್ತೆ. ನೀವು ಇರ್ಬೇಕು ನನಗೆ, ಅಷ್ಟೇ."

ಕೆಂಚವೀರಪ್ಪನವರು ಜಿಲೇಬಿಯನ್ನು ತಟ್ಟೆಗೆ ಇಟ್ಟರು. "ತಪ್ಪಾತು ಮಂಗಳಾ" ಎಂದರು. ಈ ಸಲ ನಿಜವಾಗಿಯೇ ಅಂದದ್ದು.

"ಆತು. ಫೋನು ಅಂಗಡಿಯವ್ರ ಕೈಗೆ ಕೊಡ್ರಿ."

ಹಿದಾಯತ್ ಫೋನು ಕಿವಿಗಿಟ್ಟುಕೊಂಡು ಎದ್ದು ನಿಂತೇ ಮಾತಾಡಿದರು. "ಹ್ಞೂಂ ಅಕ್ಕಾ... ಗೊತ್ತಿರ್ಲಿಲ್ಲ ಅಕ್ಕಾ... ಆತು, ಸಂಜೆ ನಿಮ್ಮ ಮಗ ಬಸವಕಿರಣ್ ಬಂದ್ರೆ ಅವ್ರ ಕೈಗೇ ಕೊಡ್ತೀನಿ." ಫೋನು ವಾಪಸು ಕೊಟ್ಟವರೇ ಅಂಗೈ ಚಾಚಿದರು. ಕೆಂಚವೀರಪ್ಪನವರು ಸ್ಕೂಟರಿನ ಕೀಲಿಯನ್ನು ಆ ಅಂಗೈಗೆ ಹಾಕಿದರು. ಅದು ಗಲ್ಲಾಪೆಟ್ಟಿಗೆಯೊಳಗೆ ಬಿದ್ದು, ಗಲ್ಲಾ ಮುಚ್ಚಿತು.

"ದಾವಣಗೆರೆ ಬಸ್ಸು ಹನ್ನೆರಡಕ್ಕೆ ಐತೆ ಸಾವ್ಕಾರ್ರೆ" ಎಂದು ಹೇಳಿ ಹಿದಾಯತ್ ಜಿಲೇಬಿ ತಟ್ಟೆಯನ್ನೂ ಎತ್ತಿಕೊಂಡರು.

ಕೆಂಚವೀರಪ್ಪನವರು ಅವರ ಕೈ ಹಿಡಿದರು. "ಸಾಹೇಬ್ರೇ, ಕಚ್ಚಿದ್ದು ಅರ್ಧ ಉಳಿದೈತೆ, ಅದೊಂದು ಬಿಡ್ರಿ. ನಿಮ್ಮ ಕ್ಯಾಮೆರಾ ರಿಪೇರಿ ಮಾಡಿಕೊಟ್ಟೋನು ನಾನು!"

ಹಿದಾಯತ್ ಒಮ್ಮೆ ತಲೆ ಎತ್ತಿ ಕ್ಯಾಮೆರಾ ನೋಡಿದರು. ನೆಟ್ಟಗೆ ನಿಂತು, ಅದಕ್ಕೊಂದು ಸಲಾಮು ಹೊಡೆದರು.

"ಅದಕ್ಕೇ ಸಾವ್ಕಾರ್ರೆ," ಎಂದರು ಮೆಲ್ಲಗೆ. "ಕೆಟ್ಟಿದ್ದಿದ್ರೆ ಕೊಡ್ತಿದ್ದೆ."