ಬಣವೆ ಒಂದೀಟು ಎಡಕ್ಕೆ

ಫೋಟೋ ತೆಗೆಯುವುದು ಕಷ್ಟದ ಕೆಲಸ. ಬೇರೆಯವರ ಫೋಟೋದಲ್ಲಿ ತಪ್ಪು ಹುಡುಕುವುದು ಮಾತ್ರ ನನಗೆ ಹುಟ್ಟಿನಿಂದಲೇ ಒಲಿದು ಬಂದ ವಿದ್ಯೆ.

ಬೈರಿದೇವರಕೊಪ್ಪದಲ್ಲಿ ನನ್ನದೊಂದು ಬಣ್ಣದ ಅಂಗಡಿ ಇದೆ. ವಾರವಿಡೀ ಗಿರಾಕಿಗಳಿಗೆ ಗೋಡೆಯ ಬಣ್ಣ ತೋರಿಸುವ ನಾನು ಭಾನುವಾರ ಬೆಳಿಗ್ಗೆ ಮೊಬೈಲ್ ಹಿಡಿದು ಉಣಕಲ್ ಕೆರೆಯ ದಂಡೆಗೆ ಹೋಗುತ್ತೇನೆ. ನನ್ನಂಥ ಕೆಲವರು ಅಲ್ಲಿ ಸೇರಿ ನೀರು, ಗುಡ್ಡ, ಮೋಡ ಎಲ್ಲವನ್ನೂ ಸೆರೆಹಿಡಿದು, ಚಹಾ ಕುಡಿಯುತ್ತ ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಅಭಿಪ್ರಾಯ ಹೇಳುತ್ತೇವೆ. ಅದಕ್ಕೊಂದು ಶಾಸ್ತ್ರವಿದೆ. ಮೊದಲು ಮೆಚ್ಚುಗೆ, ನಡುವೆ ಕೊರತೆ, ಕೊನೆಗೆ ಪರಿಹಾರ. ಇದರಲ್ಲಿ ನಾನು ಪಂಡಿತ. ನನ್ನ ಚಿತ್ರಕ್ಕೆ ಯಾರಾದರೂ ಕೊರತೆ ಹೇಳಿದರೆ ಅದು ಅವರ ತಿಳಿವಳಿಕೆಯ ಕೊರತೆ, ಅಷ್ಟೇ.

ಹೀಗಿರುವಾಗ ನನ್ನ ಮಗ ಕಿರಣನಿಗೆ ಉಪ್ಪಿನಬೆಟಗೇರಿಯ ಶಿವನಗೌಡರ ಮಗಳು ಒಪ್ಪಿಗೆಯಾದಳು. ಹುಡುಗ ಹುಡುಗಿ ಮೆಚ್ಚಿಕೊಂಡಿದ್ದರು, ನಿಶ್ಚಯವೊಂದು ಬಾಕಿ. ಗೌಡರು ನಮ್ಮನ್ನು ಊಟಕ್ಕೆ ಕರೆದರು. ಕಾರಿನಲ್ಲಿ ನನ್ನ ಹೆಂಡತಿ ಸುಮಂಗಲಾ ಮೊದಲೇ ಎಚ್ಚರಿಸಿದಳು.

"ರೀ, ಅಲ್ಲಿ ಹೋಗಿ ನಿಮ್ಮ ಕೊರತಿ, ಪರಿಹಾರ ಅಂತ ಬಾಯಿ ಬಿಡಬ್ಯಾಡ್ರಿ. ಇನ್ನೂ ನಿಶ್ಚಯ ಆಗಿಲ್ಲ. ಕಿರಣ ಆ ಹುಡುಗಿ ಮ್ಯಾಲ ಜೀವಾ ಇಟಗೊಂಡಾನ."

"ನನಗಷ್ಟು ತಿಳಿಯಂಗಿಲ್ಲೇನ?" ಎಂದೆ.

ತಿಳಿಯುವುದಿಲ್ಲ ಎಂಬುದು ಊಟದ ಹೊತ್ತಿಗೆ ಸಾಬೀತಾಯಿತು.

ಗೌಡರ ಪಡಸಾಲೆಯ ಗೋಡೆಯಲ್ಲಿ ಬಾಗಿಲಿನಷ್ಟು ದೊಡ್ಡ ಫೋಟೋ. ಕಪ್ಪು ಮಣ್ಣಿನ ಎರಿ ಹೊಲ, ಮುಳುಗುವ ಸೂರ್ಯ, ನಟ್ಟನಡುವೆ ಮೇವಿನ ಬಣವೆ. "ನಾನ ತಗದದ್ದರಿ. ಹೆಂಗೈತಿ ಹೇಳ್ರಿ ಬೀಗರ" ಎಂದರು ಗೌಡರು.

ಬುದ್ಧಿ ಇದ್ದವನು "ಭಾಳ ಛಲೋ ಐತ್ರಿ" ಎಂದು ಎಲೆಯ ಕಡೆ ನೋಡುತ್ತಿದ್ದ. ನಾನು ಎದ್ದು ಫೋಟೋದ ಹತ್ತಿರ ಹೋಗಿ ಕೈ ಹಿಂದೆ ಕಟ್ಟಿ ನಿಂತೆ. ಸುಮಂಗಲಾ ಕೆಮ್ಮಿದಳು. ನೀರು ಕುಡಿ ಎಂದೆ.

"ಬೆಳಕು ಭಾಳ ಛಲೋ ಹಿಡದೀರಿ ಗೌಡ್ರ. ಆದ್ರ ಬಣವಿ ನಡುವ ಬಂದುಬಿಟ್ಟೈತಿ. ನೋಡೋರ ಕಣ್ಣು ಅಲ್ಲೇ ನಿಂದರತೈತಿ, ಮುಂದ ಹೋಗಂಗಿಲ್ಲ. ಬಣವಿ ಒಂದೀಟು ಎಡಕ್ಕ ಇತ್ತಂದ್ರ ಚಿತ್ರಕ್ಕ ಜೀವಾ ಬರತಿತ್ತು."

"ಖರೇ ಅದರಿ. ನಮಗ ಹೊಳದಿದ್ದಿಲ್ಲ" ಎಂದರು ಗೌಡರು, ಬಹಳ ಗಂಭೀರವಾಗಿ.

ಫೋಟೋ ತೆಗೆಯುವಾಗ ಮೊಬೈಲನ್ನು ತುಸು ಬಲಕ್ಕೆ ತಿರುಗಿಸಿ ಎಂಬುದು ನನ್ನ ಪರಿಹಾರ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಿಸಿ ಹೋಳಿಗೆ ಬಂತು. ತೆರೆದ ಬಾಯಿಗೆ ಬೇರೆ ಕೆಲಸ ಸಿಕ್ಕಿತು.

ಮುಂದಿನ ವಾರ ಕಿರಣ ಅಂಗಡಿಗೆ ಬಂದು ತಲೆ ಕೆರೆಯುತ್ತ ನಿಂತ. "ಅಪ್ಪಾ, ಅವರು ಬಣವಿ ಸರಸಾಕತ್ತಾರಂತ."

"ಯಾವ ಬಣವಿ?"

"ನೀವು ಹೇಳಿದ್ದು."

ಗಂಡಿನ ಕಡೆಯ ಬೀಗರು ಒಂದು ಮಾತು ಆಡಿದರೆ ಅದನ್ನು ನೆಲಕ್ಕೆ ಬೀಳಗೊಡದ ಮನೆತನ ಅದು. ಇದನ್ನು ನಾನು ಮರೆತಿದ್ದೆ. ತಕ್ಷಣ ಫೋನ್ ಮಾಡಿದೆ.

"ಗೌಡ್ರ, ನಾ ಹೇಳಿದ್ದು ಫೋಟೋದ್ದರಿ, ಬಣವಿದಲ್ಲ."

"ಫೋಟೋದ ಸಲುವಾಗಿನ ಸರಸಾಕತ್ತೇವ್ರಿ. ಓಣಿ ಮಂದಿ ಎಲ್ಲಾ ಕೈ ಹಚ್ಯಾರ. ಮುಗೀತ ಬಂತು. ಸಂಜಿಮುಂದ ಬಂದು ಈ ಸಲ ನೀವ ಫೋಟೋ ತಗೀಬೇಕ್ರಿ."

ದಾರಿಯುದ್ದಕ್ಕೂ ಸುಮಂಗಲಾ ಸುಮ್ಮನಿರಲಿಲ್ಲ. "ಮಗನ ಲಗ್ನ ಮಾಡ್ರಿ ಅಂದ್ರ ಬೀಗರ ಹೊಲಾ ಹೊಂದಸಾಕ ಹೊಂಟೀರಿ. ಇಂಥಾವರ ಮನಿಗೆ ಹುಡುಗಿ ಕೊಡಂಗಿಲ್ಲ ಅಂದ್ರ ಕಿರಣಗ ಏನ ಹೇಳ್ತೀರಿ?" ಕಿರಣನ ಮುಖ ನೆನೆಸಿಕೊಂಡು ನಿಜಕ್ಕೂ ಹೆದರಿದ್ದೆ.

ಹೊಲದಲ್ಲಿ ಅರ್ಧ ಓಣಿ ನೆರೆದಿತ್ತು. ಎಲ್ಲರ ತಲೆಯಲ್ಲಿ ಮೇವಿನ ಗರಿ, ಕೈಯಲ್ಲಿ ಮಿರ್ಚಿ ಭಜಿ. ಬಣವೆ ಎಡಕ್ಕೆ ಹೋಗಿತ್ತು. ಅಳತೆ ಹಿಡಿದಂತೆ, ಶಾಸ್ತ್ರೋಕ್ತವಾಗಿ! ಆದರೆ ಮೊದಲು ಬಣವೆ ಇದ್ದ ಜಾಗದ ಹಿಂದೆ ಪಂಪ್‌ಸೆಟ್ಟಿನ ಕೋಣೆ ಇತ್ತು. ಅದರ ಗೋಡೆ ತುಂಬ ಯಾವುದೋ ಬನಿಯನ್ನಿನ ಜಾಹೀರಾತು. ಇಷ್ಟು ದಿನ ಬಣವೆಯ ಮರೆಯಲ್ಲಿದ್ದ ಒಬ್ಬ ಮೀಸೆಯ ಆಸಾಮಿ ಬರೀ ಬನಿಯನ್ನಿನಲ್ಲಿ, ತೋಳು ಕಟ್ಟಿಕೊಂಡು, ಹೊಲದ ನಟ್ಟನಡುವೆ ನಿಂತಿದ್ದ. ಸೂರ್ಯ ಸರಿಯಾಗಿ ಅವನ ತಲೆಯ ಹಿಂದೆ ಮುಳುಗುತ್ತಿದ್ದ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವಿಧಿಯಿಲ್ಲದೆ ಒಂದು ಫೋಟೋ ತೆಗೆದೆ. ಗೌಡರ ತಾಯಿ ಮೊಬೈಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಬೆಳಕು ಛಲೋ ಬಂದೈತ್ರಿ ಬೀಗರ" ಎಂದರು. "ಹೊಲಾ ಎಲ್ಲೈತ್ರಿ? ಬರೇ ಇವನ ಕಾಣತಾನಲ್ಲ."

ಮೆಚ್ಚುಗೆ ಆಯಿತು, ಕೊರತೆಯೂ ಆಯಿತು. ಪರಿಹಾರ ಗೌಡರಿಂದ ಬಂತು. "ಹಂಗಾರ ಗ್ವಾಡಿ ಕೆಡವೂನೇನ್ರಿ?"

"ಬ್ಯಾಡ್ರಿ!" ಎಂದೆ. "ಭಾಳ ಛಲೋ ಐತ್ರಿ. ಹಿಂಗ ಇರಲಿ."

ನನ್ನ ಒಂದು ಹಗುರ ಮಾತಿಗೆ ಅಷ್ಟು ಜನ ಬೆವರು ಸುರಿಸಿ, ಮೇಲೆ ನನಗೇ ಮಿರ್ಚಿ ತಿನ್ನಿಸುತ್ತಿದ್ದರು. ನಾಚಿಕೆಯಾಯಿತು. ಇಂಥವರ ಮನೆಯ ಹುಡುಗಿ ನಮ್ಮ ಮನೆಗೆ ಬರುತ್ತಾಳಲ್ಲ ಎಂದು ಹೇಳಲಾರದಷ್ಟು ಖುಷಿಯೂ ಆಯಿತು. ಇನ್ನು ಮೇಲೆ ಯಾರ ಫೋಟೋಕ್ಕೂ ಕೊರತೆ ಹೇಳುವುದಿಲ್ಲ ಎಂದು ಅಲ್ಲೇ ಪ್ರತಿಜ್ಞೆ ಮಾಡಿದೆ.

ಆ ಮೇಲೆ ಗೌಡರು ದಿನವೂ ಮೊಬೈಲಿಗೆ ಫೋಟೋ ಕಳಿಸತೊಡಗಿದರು. ಕಡಲೆ ಹೊಲ, ಕೆರೆ ದಂಡೆ, ಬೇವಿನ ಗಿಡ. ನಾನು ದಿನವೂ "ಛಲೋ ಐತ್ರಿ" ಎಂದು ಬರೆದೆ. ಇಷ್ಟು ಸಜ್ಜನನಾಗಿ ನಾನು ಎಂದೂ ಬಾಳಿರಲಿಲ್ಲ.

ಒಂದು ಸಂಜೆ ಸುಮಂಗಲಾ ಅಡುಗೆ ಮನೆಯಿಂದ ಫೋನ್ ಹಿಡಿದುಕೊಂಡೇ ಓಡಿ ಬಂದಳು. ಆ ಕಡೆ ಗೌಡರ ಹೆಂಡತಿ. "ಬೀಗರು ನಮ್ಮ ಮ್ಯಾಲ ಸಿಟ್ಟಾಗ್ಯಾರೇನ್ರಿ ಬೀಗತಿ? ಮೊದಲ ನಮ್ಮವರು ಅಂತ ಮನಸ್ ಬಿಚ್ಚಿ ತಪ್ಪು ಹೇಳತಿದ್ರು. ಈಗ ಹೊರಗಿನವರಿಗೆ ಹೇಳಿದಂಗ ಬರೇ ಛಲೋ ಐತಿ ಅಂತಾರ. ಸಂಬಂಧ ಮನಸಿಗಿಲ್ಲೇನೋ ಅಂತ ನಮ್ಮವರು ಊಟಾ ಬಿಟ್ಟು ಕುಂತಾರ್ರಿ."

ಸುಮಂಗಲಾ ಫೋನ್ ಮುಚ್ಚಿ ಹಿಡಿದಳು. "ಲಗೂ ಒಂದು ತಪ್ಪು ಹುಡುಕ್ರಿ."

"ನೀನ ಬ್ಯಾಡ ಅಂದಿದ್ದಿ."

"ಈಗ ನಾನ ಹುಡುಕ್ರಿ ಅನ್ನಾಕತ್ತೇನಿ. ಮಗನ ಲಗ್ನ ನಿಂದರತೈತಿ."

ಅವತ್ತು ಗೌಡರು ಕಳಿಸಿದ್ದ ಫೋಟೋ ತೆರೆದು ನೋಡಿದೆ. ಸಂಜೆಯ ಹೊಲ, ಉದ್ದ ನೆರಳು, ದೂರದಲ್ಲೊಂದು ಎಮ್ಮೆ. ದುರದೃಷ್ಟಕ್ಕೆ ತಪ್ಪೇ ಇರಲಿಲ್ಲ. ಚಸ್ಮಾ ಒರೆಸಿ ನೋಡಿದೆ, ದೊಡ್ಡದು ಮಾಡಿ ನೋಡಿದೆ. ಜೀವನವಿಡೀ ತಪ್ಪು ಹುಡುಕಿದವನಿಗೆ ಬೇಕಾದಾಗ ಒಂದೂ ಸಿಗಲಿಲ್ಲ! ಕೊನೆಗೆ ಸುಮಂಗಲಾಳೇ ಬೆರಳಿಟ್ಟು ತೋರಿಸಿದಳು. ಎಮ್ಮೆಯ ಮುಖ ಆ ಕಡೆ ಇತ್ತು.

ಈ ಸಲ ಪರಿಹಾರವನ್ನು ಪೂರ್ತಿ ಬರೆದೆ. "ಬೆಳಕು ಛಲೋ ಐತಿ. ಆದ್ರ ಎಮ್ಮಿ ಮಾರಿ ಕಾಣಂಗಿಲ್ಲ. ಎಮ್ಮಿ ಸರಸಬ್ಯಾಡ್ರಿ, ನೀವ ಸರದು ನಿಲ್ಲರಿ."

ಐದು ನಿಮಿಷಕ್ಕೆ ಗೌಡರ ಫೋನ್ ಬಂತು. ದನಿಯಲ್ಲಿ ಹಬ್ಬ. "ಬೀಗರ, ಈಗ ಸಮಾಧಾನ ಆತ್ರಿ. ಬರೋ ಸೋಮವಾರ ನಿಶ್ಚಯ ಮಾಡಿಬಿಡೂನ್ರಿ." ಕಿರಣ ಒಳಕೋಣೆಯಿಂದಲೇ ಕೇಳಿಸಿಕೊಂಡಿದ್ದ. ಹೊರಗೆ ಬಂದವನ ಮುಖ ನೋಡಿ ನನ್ನ ಕಣ್ಣು ತುಂಬಿ ಬಂತು.

ಮರುದಿನ ಸಂಜೆ ಗೌಡರು ಹೊಸ ಫೋಟೋ ಕಳಿಸಿದರು. ಕೆಳಗೆ ಬರೆದಿದ್ದರು: "ಸುತ್ತಲೂ ಸರದು ನಿಂತೆ ಬೀಗರ. ಅದು ಒಪ್ಪವಲ್ದು."

ತೆರೆದು ನೋಡಿದೆ. ಹೊಲವಿಲ್ಲ, ಸೂರ್ಯನಿಲ್ಲ. ಮೊಬೈಲಿನ ತುಂಬ ಎಮ್ಮೆಯ ಹಿಂಭಾಗ, ಬಾಲ ಎತ್ತಿ ನಿಂತ ಭಂಗಿಯಲ್ಲಿ. ನನ್ನ ಸಲಹೆಗಳಿಗೆ ಇಷ್ಟು ವರ್ಷಗಳಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಅಭಿಪ್ರಾಯ ಅದೇ.